ಪೆಟ್ಟಿಗೆಗೆ ಉಸಿರಾಡಲು ಕಲಿಸಿದ ಮೇಷ್ಟ್ರು

ಅವರ ಬಲಗೈ ಹೆಬ್ಬೆರಳಿನ ಮಗ್ಗುಲಲ್ಲಿ ಹುಣಸೆ ಬೀಜದಷ್ಟು ದಪ್ಪನೆಯ ಗಂಟೊಂದಿತ್ತು. ಕ್ಲಾರಿಯೋನೆಟ್ಟಿನ ಭಾರವನ್ನೆಲ್ಲ ಹೊರುವುದು ಆ ಒಂದೇ ಬೆರಳು. ಮೂವತ್ತು ವರ್ಷ ಹೊತ್ತೂ ಹೊತ್ತೂ ಅಲ್ಲಿನ ಚರ್ಮ ಕಲ್ಲಾಗಿತ್ತು. ಮೊದಲ ದಿನವೇ ನಾನು ಆ ಗಂಟನ್ನು ಗಮನಿಸಿದ್ದೆ, ಏಕೆಂದರೆ ತಾಳ ತಪ್ಪಿದ್ದಕ್ಕೆ ಅವರು ನನ್ನ ತಲೆಗೆ ಕುಟ್ಟಿದ್ದು ಅದರಿಂದಲೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ವೇಮಗಲ್ ಕಡೆಯವನು. ಹಗಲು ಕೋಲಾರದ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತ, ರಜೆಯ ದಿನ ಮತ್ತು ಸಂಜೆ ಹೊತ್ತು ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ವಾದಕ. ಮದುವೆ, ಗಣೇಶನ ಹಬ್ಬ, ರಾಜ್ಯೋತ್ಸವ ಎಂದು ಕರೆದಲ್ಲಿಗೆಲ್ಲ ಹೋಗಿ ಸಿನಿಮಾ ಹಾಡು ನುಡಿಸುತ್ತಿದ್ದೆವು. ಮೇಷ್ಟ್ರು ಮಾಲೂರಿನವರು. ಅಲ್ಲಿನ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಬೆಳೆದು, ನಮ್ಮ ಆರ್ಕೆಸ್ಟ್ರಾಕ್ಕೆ ಬಂದವರು. ಪಾಠ ಹೇಳಲು ಶಾಲೆಯ ಮೆಟ್ಟಿಲು ಹತ್ತಿದವರೇ ಅಲ್ಲ, ಆದರೂ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಕೆಟ್ಟ ನಾದ ಕಿವಿಗೆ ಬಿದ್ದರೆ ಸುಮ್ಮನಿರುವ ಜಾಯಮಾನ ಅವರದಲ್ಲ. ಅವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಮಾಲೂರಿನಿಂದ ಹೊರಟ ಮುಳಬಾಗಿಲಿನ ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದುಹೋಗಿ ಡ್ರೈವರ್ ಪಕ್ಕ ನಿಂತರು. “ನಿನ್ ಹಾರ್ನು ಅಳ್ತಾ ಇದೆಯಲ್ಲಪ್ಪಾ, ರಬ್ಬರು ಎಲ್ಲೋ ಗಾಳಿ ಬಿಡ್ತಾ ಇದೆ, ನೋಡಬಾರ್ದಾ?” ಎಂದರು. ಡ್ರೈವರ್ “ನಿಮಗ್ಯಾಕ್ರೀ ಸ್ವಾಮಿ, ಕೂತ್ಕೊಳ್ಳಿ” ಎಂದು ಗದರಿದ. ಮೇಷ್ಟ್ರು ಕೂರಲಿಲ್ಲ. ನರಸಾಪುರದ ಬಳಿ ಬಸ್ಸು ಕೆಟ್ಟು ನಿಂತಾಗ, ಇಳಿದು ಹೋಗಿ ತಮ್ಮ ಕ್ಲಾರಿಯೋನೆಟ್ಟಿನ ಕೀಲಿಗೆ ಸುತ್ತಲು ಇಟ್ಟುಕೊಂಡಿದ್ದ ಅಂಟುಪಟ್ಟಿಯನ್ನು ಆ ಹಾರ್ನಿನ ಬುರುಡೆಗೆ ಸುತ್ತಿ, ಒಮ್ಮೆ ಅಮುಕಿ ನೋಡಿ ತೃಪ್ತಿಯಾದ ಮೇಲೇ ಬಂದು ಕೂತರು. ಇನ್ನೊಂದು ಸಲ ಮದುವೆಯ ಮುಹೂರ್ತದ ನಡುವೆ ಓಲಗದವರ ಹತ್ತಿರ ಹೋಗಿ ಶ್ರುತಿ ಸರಿಯಿಲ್ಲ ಎಂದದ್ದಕ್ಕೆ ಹೆಣ್ಣಿನ ಸೋದರಮಾವ ಇವರ ರಟ್ಟೆ ಹಿಡಿದು ಹೊರಗೆ ಬಿಟ್ಟಿದ್ದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಾವು ನಗುತ್ತಿದ್ದೆವು. ಆ ಗುಣಕ್ಕೆ ಅವರು ಎಷ್ಟು ತೆತ್ತರು ಎಂಬುದು ಆಮೇಲೆ ತಿಳಿಯಿತು.

ಆ ದಿನಗಳಲ್ಲಿ ಸಿನಿಮಾ ಹಾಡುಗಳಲ್ಲಿ ಹೊಸ ಹೊಸ ಸದ್ದು ಬರತೊಡಗಿತ್ತು. ಜನ ವೇದಿಕೆಯ ಹತ್ತಿರ ಬಂದು, “ರೇಡಿಯೋದಲ್ಲಿ ಬರೋ ಆ ಸೌಂಡ್ ಎಲ್ಲಿ?” ಎಂದು ಕೇಳುತ್ತಿದ್ದರು. ಅದಕ್ಕೆ ಬೇಕಾದದ್ದು ಸಿಂಥ್ ಪೆಡಲ್ ಎಂದು ನಾನು ಕೇಳಿ ತಿಳಿದುಕೊಂಡಿದ್ದೆ. ಗಿಟಾರಿನ ವೈರು ನೇರವಾಗಿ ಆಂಪ್ಲಿಫೈಯರಿಗೆ ಹೋಗದೆ ನಡುವೆ ಈ ಪೆಟ್ಟಿಗೆಯನ್ನು ಹಾದುಹೋಗುತ್ತದೆ. ಕಾಲಲ್ಲಿ ಒತ್ತಿದರೆ ಸಾಕು, ಗಿಟಾರಿನ ಸ್ವರ ಬೇರೆ ವೇಷ ಹಾಕಿಕೊಂಡು ಹೊರಗೆ ಬರುತ್ತದೆ. ಕೆ.ಜಿ.ಎಫ್.ನಲ್ಲಿ ಗಿಟಾರ್ ವಾದಕರೊಬ್ಬರು ಮನೆಮಂದಿಯೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು, ಸಾಮಾನೆಲ್ಲ ಮಾರುತ್ತಿದ್ದರು. ಅವರ ಹತ್ತಿರ ಎರಡು ಪೆಡಲ್ ಇವೆ ಎಂದು ತಿಳಿದು, ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋದೆ.

ಒಂದು ಕೆಂಪು ಪೆಟ್ಟಿಗೆ, ಮೇಲೆ ಮಿನುಗುವ ದೀಪ, ಒತ್ತಿದರೆ ‘ವಾವ್ ವಾವ್’ ಎಂದು ಬಾಯಿ ತೆರೆದು ಮುಚ್ಚುವಂಥ ಸದ್ದು. ನಾನು ನೋಡಿದ ಕೂಡಲೇ ಮರುಳಾದೆ. ಇನ್ನೊಂದು ಬೂದು ಬಣ್ಣದ್ದು, ಮೂಲೆ ಜಜ್ಜಿಹೋಗಿತ್ತು, ಗುಂಡಿಗಳ ಕೆಳಗಿನ ಇಂಗ್ಲಿಷ್ ಅಕ್ಷರ ಸವೆದು ಏನೂ ಕಾಣುತ್ತಿರಲಿಲ್ಲ. ಮೇಷ್ಟ್ರು ಎರಡರಲ್ಲೂ ಒಂದೊಂದೇ ಸ್ವರ ನುಡಿಸಲು ಹೇಳಿ, ಕಣ್ಣು ಮುಚ್ಚಿ, ಸದ್ದು ಪೂರ್ತಿ ನಿಲ್ಲುವವರೆಗೂ ಕೇಳಿದರು. ಕೆಂಪು ಪೆಟ್ಟಿಗೆಯ ಸ್ವರ ಕೊನೆಯಲ್ಲಿ ಪಟ್ಟನೆ ಕಡಿದುಹೋಯಿತು. ಬೂದು ಪೆಟ್ಟಿಗೆಯದು ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಹೋಗಿ ಯಾವಾಗ ನಿಂತಿತೋ ತಿಳಿಯಲಿಲ್ಲ.

“ಇದನ್ನ ತಗೋ” ಎಂದರು, ಬೂದು ಪೆಟ್ಟಿಗೆ ತೋರಿಸಿ.

“ಅದೇ ಚೆನ್ನಾಗಿದೆಯಲ್ಲ ಮೇಷ್ಟ್ರೇ, ಕೆಂಪುದು.”

“ಸ್ವರ ಹುಟ್ಸೋದು ದೊಡ್ಡದಲ್ಲ ಕಣೋ, ಯಾರ್ ಬೇಕಾದ್ರೂ ಹುಟ್ಟಿಸ್ತಾರೆ. ಹೆಂಗೆ ಹೋಗ್ತದೆ ಅನ್ನೋದು ನೋಡ್ಬೇಕು. ಇದು ಮರ್ಯಾದೆಯಾಗಿ ಹೋಗ್ತದೆ.”

ಮುಖ ಊದಿಸಿಕೊಂಡೇ ಬೂದು ಪೆಟ್ಟಿಗೆ ಕೊಂಡೆ. ಮನೆಗೆ ತಂದು ಬೇಸ್ ಗಿಟಾರಿಗೆ ಸಿಕ್ಕಿಸಿದರೆ ಅದು ಎಮ್ಮೆಗೆ ನೆಗಡಿಯಾದ ಹಾಗೆ ಅರಚುತ್ತಿತ್ತು. ನಾಲ್ಕು ಗುಂಡಿ, ಯಾವುದು ಯಾತಕ್ಕೆ ಎಂದು ಗೊತ್ತಿಲ್ಲ. ಎರಡು ವಾರ ಒದ್ದಾಡಿ ಮಾಲೂರಿಗೆ ಹೊತ್ತುಕೊಂಡು ಹೋದೆ. ಅವರ ಎರಡು ಕೋಣೆಯ ಮನೆಯಲ್ಲಿ ಆಂಪ್ಲಿಫೈಯರ್ ಇಟ್ಟರೆ ಇನ್ನು ಕಾಲು ಚಾಚಲು ಜಾಗವಿರಲಿಲ್ಲ. ಅವರ ಹೆಂಡತಿ ಅಡುಗೆ ಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಮೇಷ್ಟ್ರು ಒಂದೊಂದೇ ಗುಂಡಿ ತಿರುಗಿಸಿ, ನನ್ನಿಂದ ಅದೇ ಸ್ವರ ನುಡಿಸಿ, ತಮ್ಮ ಬಾಯಲ್ಲಿ ಏನು ಬದಲಾದರೆ ಆ ಬದಲಾವಣೆ ಬರುತ್ತದೆ ಎಂದು ಹುಡುಕಿದರು. ಸ್ವರ ಬೇಗ ಶುರುವಾಗಬೇಕೋ ನಿಧಾನವೋ ಎನ್ನುವ ಗುಂಡಿಗೆ ನಾಲಿಗೆ ಎಂದು ಹೆಸರಿಟ್ಟರು. ನಾದ ತೆರೆಯುವ, ಮುಚ್ಚುವ ಗುಂಡಿ ಗಂಟಲು. ಕೀರಲು ಜಾಸ್ತಿ ಮಾಡುವುದು ಮೂಗು. ಕೆಳಗಿನ ಸ್ಥಾಯಿಯನ್ನು ಸೇರಿಸಿ ಭಾರ ಕೊಡುವುದು ಹೊಟ್ಟೆ. “ಹೊಟ್ಟೆ ಪೂರ್ತಿ ಇಳಿಸು. ಮೂಗು ಅರ್ಧ. ನಾಲಿಗೆ ಇನ್ನೊಂಚೂರು ಹಿಂದಕ್ಕೆ” ಎನ್ನುತ್ತಾ ಕೂತರು. ನಾನು ಬೇಸಿನ ಸಣ್ಣ ತಂತಿಯ ಮೇಲೆ, ಸ್ವರ ಏರುವ ಕಡೆಯ ಮನೆಗಳಲ್ಲಿ ಬೆರಳಿಟ್ಟು ನುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಮ್ಮೆ ಹೋಗಿ ಕ್ಲಾರಿಯೋನೆಟ್ಟಿನ ಕೆಳಸ್ಥಾಯಿ ಕೇಳತೊಡಗಿತು. ಅವರು ಮೊಳೆಯಿಂದ ಪ್ರತಿ ಗುಂಡಿಯ ಪಕ್ಕ ಒಂದೊಂದು ಗೀರು ಹಾಕಿದರು.

ಆಮೇಲೆ ಭಾನುವಾರವೆಲ್ಲ ಅಲ್ಲೇ. ಎರಡು ತಂತಿ ಒಟ್ಟಿಗೆ ಅಲುಗಿದರೆ ಪೆಟ್ಟಿಗೆ ತಬ್ಬಿಬ್ಬಾಗಿ ಕಪ್ಪೆಯಂತೆ ವಟಗುಟ್ಟುತ್ತಿತ್ತು. “ನನ್ ಬಾಯಲ್ಲೂ ಬರೋದು ಒಂದೇ ಸ್ವರ ಕಣೋ. ಎರಡು ಕೇಳಿದ್ರೆ ಅದಾದ್ರೂ ಏನ್ ಮಾಡ್ತದೆ?” ಎಂದು ಬಾರಿಸದ ತಂತಿಗಳನ್ನು ಅಂಗೈಯಲ್ಲಿ ಅದುಮಿಡುವುದನ್ನು ಅಭ್ಯಾಸ ಮಾಡಿಸಿದರು. ಎಲ್ಲಕ್ಕಿಂತ ಅವರಿಗೆ ಸಿಟ್ಟು ಬರುತ್ತಿದ್ದದ್ದು ನಾನು ಎಡೆಬಿಡದೆ ನುಡಿಸಿದಾಗ. ಅವರ ಮನೆಮಾತು ತೆಲುಗು, ಸಿಟ್ಟು ಬಂದರೆ ಅದೇ ಬರುತ್ತಿತ್ತು. “ಊಪಿರಿ ಏದಿರಾ?” ಎಂದು ಅಬ್ಬರಿಸುತ್ತಿದ್ದರು, ಉಸಿರೆಲ್ಲಿ ಎಂದು. “ಮಿಷನ್ನಿಗೆ ಉಸಿರಾಡೋ ಅಗತ್ಯ ಇಲ್ಲ, ಆದ್ರೆ ಕೇಳೋ ಜನಕ್ಕೆ ಇದೆಯಲ್ಲಪ್ಪಾ. ನೀನು ನಿಲ್ಲಿಸದಿದ್ರೆ ಅವರು ಯಾವಾಗ ಉಸಿರಾಡೋದು?” ಅವರು ಎಲ್ಲಿ ಉಸಿರೆಳೆದುಕೊಳ್ಳುತ್ತಿದ್ದರೋ ಅಲ್ಲಿ ನಾನೂ ಬೆರಳೆತ್ತುವುದನ್ನು ಕಲಿತೆ.

ಒಂದು ಭಾನುವಾರ ಮೇಷ್ಟ್ರು ಒಂದು ಆಟ ಹೂಡಿದರು. ಹೆಂಡತಿಯನ್ನು ಅಡುಗೆ ಮನೆಗೆ ಕಳಿಸಿ, ಬಾಗಿಲು ಹಾಕಿ, ಒಂದೇ ಹಾಡಿನ ತುಣುಕನ್ನು ಒಮ್ಮೆ ಅವರು ಕ್ಲಾರಿಯೋನೆಟ್ಟಿನಲ್ಲಿ, ಒಮ್ಮೆ ನಾನು ಪೆಡಲ್ಲಿನಲ್ಲಿ ನುಡಿಸಿದೆವು.

“ಯಾವ್ದೇ ನಂದು?” ಎಂದು ಕೂಗಿದರು.

“ಎರಡ್ನೇದು” ಎಂದರು ಆಕೆ, ಒಳಗಿನಿಂದ. ಎರಡನೆಯದು ನನ್ನದು.

“ಗೆದ್ವಿ ಕಣ್ಲಾ!” ಎಂದು ಮೇಷ್ಟ್ರು ನನ್ನ ಬೆನ್ನಿಗೆ ಗುದ್ದಿದರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಹಿಂದೆ ಕಂಡಿರಲಿಲ್ಲ. ಆಕೆ ರಾಗಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಪೆಟ್ಟಿಗೆಯನ್ನು ನೋಡಿದರು, ಗಂಡನನ್ನು ನೋಡಿದರು. “ಹಂಗಾದ್ರೆ ಆರ್ಕೆಸ್ಟ್ರಾಕ್ಕೆ ನೀವ್ಯಾಕೆ?” ಎಂದರು.

ನಾವಿಬ್ಬರೂ ನಕ್ಕೆವು. ಆಕೆ ನಗಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಮುಳಬಾಗಿಲಿನಲ್ಲಿ ಸಂಜೆ ಕಾರ್ಯಕ್ರಮ. ಮೇಷ್ಟ್ರ ತುಟಿ ಒಡೆದು ಊದಿಕೊಂಡಿತ್ತು. ಅವರು ಕ್ಲಾರಿಯೋನೆಟ್ ಬಾಯಿಗೆ ಹಿಡಿದು ಊದುವಂತೆ ನಟಿಸುತ್ತಾ ಕೂತರು, ನನಗೆ ಬರುತ್ತಿದ್ದ ಮೂರು ಹಾಡಿನಲ್ಲಿ ಅವರ ಭಾಗವನ್ನೂ ಪೆಡಲ್ಲಿನಲ್ಲಿ ನಾನೇ ನುಡಿಸಿದೆ. ಜನ ಅವರತ್ತ ನೋಡಿ ಚಪ್ಪಾಳೆ ತಟ್ಟಿದರು. ಮುಗಿದ ಮೇಲೆ ಆರ್ಕೆಸ್ಟ್ರಾ ಮಾಲೀಕರ ಬಳಿ ಮೇಷ್ಟ್ರೇ ಹೋಗಿ, “ನೋಡಿದ್ರಾ, ಒಬ್ರಿಗೂ ಗೊತ್ತಾಗ್ಲಿಲ್ಲ! ಹುಡುಗ ಹಂಗೆ ತಯಾರಾಗಿದಾನೆ” ಎಂದು ಹೆಮ್ಮೆಯಿಂದ ಹೇಳಿದರು. ಮಾಲೀಕರು ನನ್ನ ಕಾಲ ಬಳಿಯಿದ್ದ ಪೆಟ್ಟಿಗೆಯನ್ನು ನೋಡುತ್ತಾ, “ಹೌದಾ?” ಎಂದರು.

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರರೊಬ್ಬರ ಮಗಳ ಮದುವೆ. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಕಾರ್ಯಕ್ರಮ. ಬೆಳಿಗ್ಗೆ ಕೋಲಾರದ ಕ್ಲಾಕ್ ಟವರ್ ಹತ್ತಿರ ವ್ಯಾನು ನಿಂತಿತ್ತು. ಹಿಂದಿ ಹಾಡಿಗೆಂದು ಬೆಂಗಳೂರಿನಿಂದ ಒಬ್ಬ ಹುಡುಗಿಯನ್ನು ಕರೆಸಿದ್ದರು, ಜೊತೆಗೆ ಅವಳ ತಾಯಿ. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಾಲೂರಿನ ಮೊದಲ ಬಸ್ಸಿಗೆ ಬಂದಿದ್ದರು. ಅವರು ವ್ಯಾನಿನ ಬಾಗಿಲಿಗೆ ಕೈ ಹಾಕಿದಾಗ ಮಾಲೀಕರು ಅಡ್ಡ ನಿಂತರು.

“ಮೇಷ್ಟ್ರೇ, ಇವತ್ತು ಜಾಗ ಆಗಲ್ಲ. ಹೆಂಗೂ ಈ ಹುಡುಗನ ಪೆಡಲ್ ಇದೆಯಲ್ಲ. ಮುಂದಿನ ಪ್ರೋಗ್ರಾಮಿಗೆ ಹೇಳಿ ಕಳಿಸ್ತೀನಿ.”

ವ್ಯಾನಿನೊಳಗೆ ಕಿಟಕಿಯ ಪಕ್ಕ ಕೂತಿದ್ದ ನನ್ನ ತೊಡೆಯ ಮೇಲೆ ಪೆಟ್ಟಿಗೆಯಿತ್ತು. ಪೆಡಲ್ಲಿನಲ್ಲಿ ಬರುವುದು ಮೂರೇ ಹಾಡು, ಉಳಿದದ್ದಕ್ಕೆ ಮೇಷ್ಟ್ರು ಬೇಕು ಎನ್ನಬಹುದಿತ್ತು. ನಾನು ನಿಂತುಕೊಂಡು ಬರುತ್ತೇನೆ, ಅವರು ಕೂರಲಿ ಎನ್ನಬಹುದಿತ್ತು. ಅವರಿಲ್ಲದೆ ನಾನೂ ಬರುವುದಿಲ್ಲ ಎನ್ನಬಹುದಿತ್ತು. ನಾನು ಪೆಟ್ಟಿಗೆಯ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಸರಿಯಾಗಿದೆಯೇ ಎಂದು ನೋಡುತ್ತಿರುವವನಂತೆ ತಲೆ ತಗ್ಗಿಸಿದೆ. ಹಿಂದಿನ ಸಾಯಂಕಾಲವಷ್ಟೇ ಹೊಸ ಬ್ಯಾಟರಿ ಹಾಕಿದ್ದೆ.

ಮೇಷ್ಟ್ರು ಸುತ್ತು ಹಾಕಿಕೊಂಡು ನನ್ನ ಕಿಟಕಿಯ ಬಳಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈದರೆ ಸಾಕು ಎಂದೂ ಅನ್ನಿಸಿತು. ಅವರು ಕಿಟಕಿಯೊಳಗೆ ಮುಖ ತಂದು, “ಲೇ, ಅಲ್ಲಿ ಶಾಮಿಯಾನ ಬಯಲಲ್ಲಿ ಹಾಕಿರ್ತಾರೆ. ಗಂಟಲು ಇನ್ನೊಂಚೂರು ತೆಗೆದಿಟ್ಕೋ. ಮೂರ್ನೇ ಹಾಡಲ್ಲಿ ಊಪಿರಿ ಮರೀಬೇಡ” ಎಂದರು.

ವ್ಯಾನು ಹೊರಟಿತು. ನಾನು ಹಿಂದಿರುಗಿ ನೋಡಲಿಲ್ಲ. ಅವತ್ತು ನಾನು ಚೆನ್ನಾಗಿಯೇ ನುಡಿಸಿದೆ, ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಗಂಟಲು ಒಂದು ಚೂರು ತೆರೆದಿಟ್ಟದ್ದರಿಂದ ಬಯಲಿನ ಕೊನೆಯವರೆಗೂ ನಾದ ಹೋಯಿತು. ಹೇಳಿ ಕಳಿಸುತ್ತೇನೆ ಎಂದ ಮಾಲೀಕರು ಮತ್ತೆ ಮೇಷ್ಟ್ರಿಗೆ ಹೇಳಿ ಕಳಿಸಲೇ ಇಲ್ಲ. ನಾನೂ ಒಂದು ದಿನ ಕೇಳಲಿಲ್ಲ. ಕೇಳಿದರೆ ನನ್ನ ಜಾಗಕ್ಕೆ ಏನಾಗುತ್ತದೋ ಎಂಬ ಹೆದರಿಕೆ ಇತ್ತು.

ಒಂದೂವರೆ ವರ್ಷ ಕಳೆಯಿತು. ಕ್ಷಮೆ ಕೇಳಲು ಮಾಲೂರಿಗೆ ಹೋದೆ ಎಂದು ಬರೆಯುವ ಆಸೆ ನನಗಿದೆ. ಹೋದದ್ದು ಅದಕ್ಕಲ್ಲ. ಬ್ಯಾಟರಿ ಸೋರಿ ಪೆಟ್ಟಿಗೆ ಕೆಟ್ಟಿತ್ತು. ರಿಪೇರಿ ಮಾಡಿದವನು ಮೇಲೆಲ್ಲ ಹೊಸ ಬಣ್ಣ ಬಳಿದು, ಗುಂಡಿಗಳನ್ನು ಎಲ್ಲೆಲ್ಲಿಗೋ ತಿರುಗಿಸಿ ಕೊಟ್ಟಿದ್ದ. ಮೊಳೆಯ ಗೀರು ಒಂದೂ ಉಳಿದಿರಲಿಲ್ಲ, ಪೆಟ್ಟಿಗೆ ಮತ್ತೆ ಎಮ್ಮೆಯಾಗಿತ್ತು.

ಮನೆಯಲ್ಲಿ ಅವರಿರಲಿಲ್ಲ. ಹೆಂಚಿನ ಕಾರ್ಖಾನೆಯಲ್ಲಿದ್ದಾರೆ ಎಂದರು ಅವರ ಹೆಂಡತಿ. ಬ್ಯಾಂಡ್‌ಸೆಟ್ಟಿನಲ್ಲಿ ಅವರ ಜಾಗಕ್ಕೆ ಯಾವಾಗಲೋ ಬೇರೆಯವನು ಬಂದಿದ್ದನಂತೆ. ಕಾರ್ಖಾನೆಯಲ್ಲಿ ಸುಡುವ ಗೂಡಿನಿಂದ ತೆಗೆದ ಹೆಂಚಿನ ರಾಶಿಯ ನಡುವೆ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತಿದ್ದರು. ಒಂದೊಂದೇ ಹೆಂಚನ್ನು ಎತ್ತಿ ಬೆರಳಗೆಣ್ಣಿನಿಂದ ತಟ್ಟುವುದು, ಠಣ್ ಎಂದರೆ ಬಲಕ್ಕೆ, ಬಿರುಕು ಬಿಟ್ಟು ಡಬ್ ಎಂದರೆ ಎಡಕ್ಕೆ. ಅದೇ ಅವರ ಕೆಲಸ. ತಲೆ, ಹುಬ್ಬು, ರೆಪ್ಪೆಯೆಲ್ಲ ಕೆಂಪು ಧೂಳು.

ನನ್ನನ್ನು ನೋಡಿ ಅವರು ಕೇಳಿದ ಮೊದಲ ಮಾತು, “ಬಾಕ್ಸ್ ಹೆಂಗಿದೆ?”

ಊಟದ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ಕೂತೆವು. ಅಲ್ಲಿ ಕರೆಂಟೂ ಇಲ್ಲ, ಆಂಪ್ಲಿಫೈಯರೂ ಇಲ್ಲ. “ಬಾಯಲ್ಲಿ ಹೇಳ್ತೀನಿ, ಮನಸ್ಸಲ್ಲಿಟ್ಕೊಂಡು ಹೋಗಿ ಹೊಂದಿಸ್ಕೋ” ಎಂದು ಒಂದೇ ಸ್ವರವನ್ನು ಮೂಗು ಹೆಚ್ಚಿಸಿ, ಗಂಟಲು ತೆರೆದು, ನಾಲಿಗೆ ಹಿಂದಕ್ಕೆಳೆದು ಹಾಡಿ ತೋರಿಸಿದರು. ಆಳುಗಳು ಬುತ್ತಿ ಬಿಟ್ಟು ನೋಡಿ ನಗುತ್ತಿದ್ದರು. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಸರಿಯಾಗಿ ಹಿಡಿಯಿತು ಎಂದು ಖಾತ್ರಿಯಾಗುವವರೆಗೂ ಐದಾರು ಸಲ ಹಾಡಿದರು. ಅವರ ಬುತ್ತಿ ಬಿಚ್ಚದೆ ಹಾಗೇ ಉಳಿಯಿತು.

“ಕ್ಲಾರಿಯೋನೆಟ್ ನುಡಿಸ್ತೀರಾ ಮೇಷ್ಟ್ರೇ?” ಎಂದೆ, ಏಳುವಾಗ.

“ಯಾರಿಗೆ?” ಎಂದರು.

ವ್ಯಾನಿನ ದಿನದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. “ಹೋಗು, ಬಸ್ ತಪ್ತದೆ” ಎಂದು ಎದ್ದು ಹೆಂಚಿನ ಕಡೆ ನಡೆದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಮತ್ತೆ ಕೆಲವು ವರ್ಷಕ್ಕೆ ಅವರು ಕಾಮಾಲೆಯಿಂದ ತೀರಿಹೋದ ಸುದ್ದಿ ನನಗೆ ತಲುಪಿದ್ದು ಕಾರ್ಯವೆಲ್ಲ ಮುಗಿದ ಮೇಲೆ. ಮಾಲೂರಿಗೆ ಹೋದೆ. ಅವರ ಹೆಂಡತಿ “ಬಾ ನಾಯನಾ” ಎಂದು, ತೆಲುಗಿನಲ್ಲಿ ಮಗನನ್ನು ಕರೆಯುವಂತೆ, ಒಳಗೆ ಕರೆದು ಚಾಪೆ ಹಾಕಿದರು. ಕೂತ ಮೇಲೆ, ಎಷ್ಟೋ ವರ್ಷದಿಂದ ಎದೆಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

“ಅಮ್ಮಾ, ಮೇಷ್ಟ್ರಿಗೆ ನನ್ ಮೇಲೆ ಬೇಜಾರಿತ್ತಾ?”

“ಇಲ್ಲ ನಾಯನಾ. ಒಂದು ದಿನಾನೂ ಏನೂ ಅನ್ಲಿಲ್ಲ. ಹುಡುಗ ಚೆನ್ನಾಗಿ ನುಡಿಸ್ತಾನೆ ಅಂತಾನೇ ಅನ್ನೋರು.”

ನನ್ನ ಕಣ್ಣಲ್ಲಿ ನೀರು ಬಂತು. ಮನಸ್ಸು ಹಗುರವಾಯಿತು ಎಂದೂ ಹೇಳಬೇಕು. ಆಕೆ ಒಲೆಯ ಮುಂದೆ ಕೂತು, ನನ್ನ ಕಡೆ ತಿರುಗದೆ, ಹಾಲಿನ ಪಾತ್ರೆ ಇಡುತ್ತಾ ಮಾತು ಮುಂದುವರಿಸಿದರು.

“ಅವರು ಅನ್ಲಿಲ್ಲ. ಅನ್ನೋಳು ನಾನು. ಅವತ್ತು ಬಿಳಿ ಅಂಗಿ ಹಾಕ್ಕೊಂಡು ಹೋದೋರು ಹತ್ತು ಗಂಟೆಗೆಲ್ಲ ವಾಪಸ್ ಬಂದು ಇಲ್ಲೇ ಕೂತ್ರು. ವ್ಯಾನಲ್ಲಿ ಯಾರ್ಯಾರಿದ್ರು ಅಂತ ಕೇಳ್ದೆ. ಎಲ್ರ ಹೆಸರೂ ಹೇಳಿದ್ರು, ನಿನ್ನ ಹೆಸರೊಂದು ಬಿಟ್ಟು.”

ಕಾಫಿ ಲೋಟ ತಂದು ನನ್ನ ಕೈಗೆ ಕೊಟ್ಟು, “ಬಿಸಿ ಇದೆ, ನಿಧಾನಕ್ಕೆ ಕುಡಿ” ಎಂದರು.