ಹತ್ತನೇ ಪುಟದಲ್ಲೂ ಇಲ್ಲದ ಕೌದಿ

ಸೋದರತ್ತೆಗೆ ನಾನು ವೆಬ್‌ಸೈಟ್ ಮಾಡಿಕೊಟ್ಟದ್ದು ಅವಳು ಕೇಳಿದಳೆಂದಲ್ಲ, ನನಗೆ ಅದು ಬರುತ್ತದೆಂದು ಊರಿಗೆ ತೋರಿಸಲು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಕೊಟ್ಟೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಇಂಟರ್‌ನೆಟ್ ಇದ್ದ ಒಂದೇ ಒಂದು ಕಂಪ್ಯೂಟರು ನನ್ನ ಪಾಲಿಗೆ ಬರುತ್ತಿತ್ತು. ಅತ್ತೆ ಅದೇ ಊರಿನಲ್ಲಿ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ, ರವಿಕೆ, ಧೋತರದ ತುಂಡು ಜೋಡಿಸಿ ಅವಳು ಹೊಲಿದ ಹೊದಿಕೆ ಹೊದ್ದವರು ಗುಡೇಕೋಟೆಯಿಂದ ಹಡಗಲಿಯವರೆಗೂ ಇದ್ದರು.

ಸೈಟಿನಲ್ಲಿ ಆರು ಫೋಟೊ, ನನ್ನ ಇಂಗ್ಲಿಷಿನ ನಾಲ್ಕು ಸಾಲು, ಇಮೇಲ್ ಕಳಿಸಲು ಒಂದು ವಿಳಾಸ, ಅಷ್ಟೇ. ಇದನ್ನು ಯಾವ ಸರ್ಚ್ ಎಂಜಿನ್ನೂ ಮೂಸಿ ನೋಡಲಿಲ್ಲ. ಆಗ ಇಂಟರ್‌ನೆಟ್ಟಿನಲ್ಲೇ ಯಾರೋ ಹೇಳಿಕೊಟ್ಟ ಉಪಾಯ ಹಿಡಿದೆ. ಪುಟದ ತಳದಲ್ಲಿ ‘ಕೌದಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೂರು ಸಲ ಬರೆದೆ, ಬಿಳಿಯ ಮೇಲೆ ಬಿಳಿ ಬಣ್ಣದಲ್ಲಿ. ಓದುವ ಮನುಷ್ಯರಿಗೆ ಅದು ಕಾಣದು, ಪುಟ ಹುಡುಕುವ ಯಂತ್ರಕ್ಕೆ ಮಾತ್ರ ಕಾಣುತ್ತದೆ. ಕೆಲವೇ ವಾರಗಳಲ್ಲಿ ಕೌದಿ ಎಂದು ಹುಡುಕಿದರೆ ಎಲ್ಲರಿಗಿಂತ ಮೇಲೆ ನಾವೇ! ಮೈಸೂರಿನಿಂದ, ಹೈದರಾಬಾದಿನಿಂದ ವಿಚಾರಿಸಿ ಇಮೇಲ್ ಬಂದವು. ಹರಪನಹಳ್ಳಿಯ ಗೆಳತಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಬಿಳಿ ಅಕ್ಷರಗಳ ವಿಷಯ ಮಾತ್ರ ಅವಳಿಗೂ ಹೇಳಲಿಲ್ಲ.

ಒಂದು ದಿನ ನೋಡುತ್ತೇನೆ, ನಾವು ಮೊದಲ ಪುಟದಲ್ಲಿ ಇಲ್ಲ. ಎರಡನೆಯದರಲ್ಲಿ ಇಲ್ಲ. ಹತ್ತನೇ ಪುಟದವರೆಗೂ ಹೋದೆ, ಯಾವುದೋ ಊರಿನ ಸೊಳ್ಳೆ ಪರದೆ ಅಂಗಡಿ ಸಿಕ್ಕಿತು, ನಾವು ಸಿಗಲಿಲ್ಲ. ಸೈಟು ಮಾಡುವವರು ಸೇರಿ ಹರಟುವ ಒಂದು ತಾಣವಿತ್ತು. ಅಲ್ಲಿ ಹೋದರೆ ಸಾವಿನ ಮನೆಯಂತಿತ್ತು. ಸರ್ಚ್ ಎಂಜಿನ್ ತನ್ನ ಸೂತ್ರ ಬದಲಿಸಿದೆ, ಪದ ಅಡಗಿಸಿಟ್ಟವರನ್ನೆಲ್ಲ ಕೆಳಕ್ಕೆ ತಳ್ಳಿದೆ ಎಂದು ದೇಶದೇಶಗಳ ಜನ ಅಳುತ್ತಿದ್ದರು. ನಾನೂ ಅವರ ಪೈಕಿಯೇ ಅಂತ ಅಲ್ಲಿ ಬರೆಯಲು ಮನಸ್ಸಾಗಲಿಲ್ಲ.

ಇಮೇಲ್ ನಿಂತದ್ದು ಅತ್ತೆಗೆ ಗೊತ್ತಾಗಿ ಅವಳೇ ಸೆಂಟರಿಗೆ ಬಂದಳು. ಸೈಟು ತೆರೆದು ತೋರಿಸಿದೆ. ನನ್ನ ಕೈಯಿಂದ ಮೌಸು ತಗೊಂಡು ತಾನೇ ನೋಡತೊಡಗಿದಳು. ಬಟ್ಟೆಯ ಸುಕ್ಕು ತೆಗೆಯುವವಳಂತೆ ಮೌಸನ್ನು ಒತ್ತಿ ಹಿಡಿದು ಮೇಲಿನಿಂದ ಕೆಳಗೆ ಎಳೆದಳು. ಪುಟವೆಲ್ಲ ನೀಲಿಯಾಯಿತು. ನೀಲಿಯ ನಡುವೆ ನನ್ನ ಇನ್ನೂರು ಕೌದಿಗಳೂ ಬೆಳ್ಳಗೆ ಎದ್ದು ಕೂತವು.

ಅತ್ತೆ ಏಳನೇ ಇಯತ್ತೆ ಓದಿದವಳು. ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿದಳು. “ಕೌದಿ... ಕೌದಿ... ಕೌದಿ... ಇದೇನಲೇ, ಜಪ ಬರ್ದಂಗ ಬರ್ದೀಯಲ್ಲ?”

“ಅದು ಯಂತ್ರಕ್ಕ, ಅತ್ತಿ. ಮಂದಿಗೆ ಕಾಣಂಗಿಲ್ಲ.”

“ಮಂದಿಗೆ ಕಾಣದ ಕಡಿ ನಾನು ಹೊಲಿಗಿ ಹಾಕದ ಬಿಟ್ರ ನೀ ಏನಂತಿದ್ದಿ?”

ಪಕ್ಕದ ಕಂಪ್ಯೂಟರಿನಲ್ಲಿ ಟೈಪಿಂಗ್ ಕಲಿಯುತ್ತಿದ್ದ ಹಗರಿಬೊಮ್ಮನಹಳ್ಳಿಯ ಹೆಂಗಸು ನಗು ತಡೆಯಲಾರದೆ ಕೆಮ್ಮಿದಳು.

“ಬಿಚ್ಚು ಅದನ್ನ,” ಅಂದಳು ಅತ್ತೆ. “ನಾ ಹೇಳ್ತೀನಿ, ನೀ ಬರಿ.”

ದಿನಾ ಮಧ್ಯಾಹ್ನ ಬಂದು ಕೂತು ಹೇಳಿದಳು. ಕೌದಿಯ ಒಳಬದಿಗೆ ಎಂಥ ಸೀರೆ ಆಗಬೇಕು, ಹೊಸ ಬಟ್ಟೆ ಯಾಕೆ ಆಗದು, ಒಗೆದ ಮೇಲೆ ಎರಡಾಳು ಹಿಡಿದು ಹೇಗೆ ಹಿಂಡಬೇಕು, ಎಲ್ಲ. ಫೋಟೊದಲ್ಲಿದ್ದ ಒಂದೊಂದು ತುಂಡೂ ಯಾರದೆಂದು ಅವಳಿಗೆ ಗೊತ್ತು. “ಈ ಹಸ್ರಂದು ತೆಲಿಗಿ ಊರ ಬೀಗತಿ ಸೀರಿ. ಸಿಟ್ಟಿಗೆದ್ದು ನನ್ನ ಮ್ಯಾಲೆ ಒಗದು ಹೋಗಿದ್ಲು, ಕೌದ್ಯಾಗ ಹಾಕಿಬಿಟ್ಟೆ. ಬರಿ, ಬರಿ.” ಸಿಟ್ಟನ್ನು ಇಂಗ್ಲಿಷಿಗೆ ತರಲು ನಾನು ಡಿಕ್ಷನರಿ ಹುಡುಕಿದೆ.

ಎರಡು ತಿಂಗಳ ನಂತರ ಆರನೇ ಪುಟದಲ್ಲಿ ಕಾಣಿಸಿಕೊಂಡೆವು. ಆಮೇಲೆ ಮೂರನೆಯದರಲ್ಲಿ. ಅಲ್ಲಿಂದ ಮುಂದೆ ಜಗ್ಗಲಿಲ್ಲ.

“ಎಲ್ಲಾರ್ಗಿಂತ ಮ್ಯಾಲೆ ಯಾರದಾರ?” ಅಂತ ಅತ್ತೆ ಕೇಳಿದಳು. ತೆರೆದು ತೋರಿಸಿದೆ. ಪುಣೆಯ ಕಡೆಯ ಒಬ್ಬ ಹೆಣ್ಣುಮಗಳು ಹಳೇ ಹೊದಿಕೆಗಳನ್ನು ಸಂಗ್ರಹಿಸಿ ಮಾಡಿದ ಸೈಟು. ಅತ್ತೆ ಕನ್ನಡಕ ಏರಿಸಿ ಒಂದು ಫೋಟೊಗೆ ಮೂಗು ತಾಗುವಷ್ಟು ಹತ್ತಿರ ಬಾಗಿದಳು.

“ಅಯ್ಯೋ ಪಾಪ, ಉಲ್ಟಾ ಹಾಸ್ಯಾಳ! ದಾರದ ಗಂಟೆಲ್ಲ ಮ್ಯಾಲದಾವು. ಅಕಿಗೆ ಬರಿ.”

“ಅಕಿ ನಮಗ ಪೈಪೋಟಿ, ಅತ್ತಿ.”

“ಪೈಪೋಟಿ ಇದ್ರ ಉಲ್ಟಾ ಹಾಸ್ಕೊಂಡಿರ್ಲೇನು? ಬರಿ.”

ನಾಚಿಕೆ ಪಡುತ್ತಲೇ ಬರೆದೆ. ವಾರದೊಳಗೆ ಉತ್ತರ ಬಂತು. ಆ ಹೆಣ್ಣುಮಗಳಿಗೆ ಸಿಟ್ಟೇನೂ ಬಂದಿರಲಿಲ್ಲ, ಬದಲಿಗೆ ಹನ್ನೆರಡು ಪ್ರಶ್ನೆ ಕೇಳಿದ್ದಳು. ಅತ್ತೆ ಎಲ್ಲಕ್ಕೂ ಉತ್ತರ ಹೇಳಿದಳು. ಪುಣೆಯವಳು ಹೊದಿಕೆ ತಿರುವಿ ಹಾಸಿ ಹೊಸ ಫೋಟೊ ಹಾಕಿ, ಕೆಳಗೆ “ತಿದ್ದಿದವರು ಇವರು” ಎಂದು ನಮ್ಮ ಸೈಟಿನ ಕೊಂಡಿ ಕೊಟ್ಟಳು. ಅವಳ ಸೈಟು ಓದುತ್ತಿದ್ದ ಇನ್ನೂ ಕೆಲವರು ನಮ್ಮ ಕೊಂಡಿ ಹಾಕಿಕೊಂಡರು. ಹೊಸ ಸೂತ್ರಕ್ಕೆ ಇದು ಹಿಡಿಸಿರಬೇಕು. ಮುಂದಿನ ತಿಂಗಳು ಮೊದಲ ಪುಟಕ್ಕೆ ಬಂದೆವು, ಆಮೇಲೊಂದು ದಿನ ಅವಳನ್ನೂ ದಾಟಿ ಮೇಲೆ ಹೋದೆವು.

ಅತ್ತೆಯ ಮನೆಗೆ ಓಡಿಹೋಗಿ ಕೈ ಹಿಡಿದು ಸೆಂಟರಿಗೆ ಕರೆತಂದೆ. ಅತ್ತೆ ಪರದೆಯನ್ನು ಬಹಳ ಹೊತ್ತು ನೋಡಿದಳು. ಮುಖ ಸಣ್ಣದಾಯಿತು.

“ಅಕಿ ಕೆಳಗ ಹೋದ್ಲಲ್ಲ. ನಮ್ಮದನ್ನ ಒಂದೀಟು ಇಳಿಸಾಕ ಬರಂಗಿಲ್ಲೇನು?”

ಬರುವುದಿಲ್ಲ ಎಂದೆ. ನಂಬಿದಳೋ ಇಲ್ಲವೋ. ಆ ವಾರವೇ ಪುಣೆಗೆ ಪಾರ್ಸಲ್ ಮಾಡಲು ಒಂದು ಕೌದಿ ಮಡಚಿ, ಯಾವುದು ಮೇಲ್ಬದಿ ಎಂದು ಚೀಟಿ ಬರೆದು ಪಿನ್ನು ಚುಚ್ಚಿದಳು.