ಭಾವ ಕಟ್ಟಿದ ಟ್ಯಾಂಕಿನ ಒಳಮನೆ

ಭಾವನ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಸುಟ್ಟು ವಾಸಿಯಾದ ಚರ್ಮ ಮೇಣ ಸವರಿದ ಹಾಗೆ ಹೊಳೆಯುತ್ತಿತ್ತು, ಉಗುರುಗಳಿರಲಿಲ್ಲ. ಉಳಿದ ಬೆರಳುಗಳಲ್ಲಿ ಚಿಮಟ ಹಿಡಿದು, ಚಿಮಟದ ತುದಿಯಲ್ಲಿ ಒಂದೇ ಒಂದು ಸಾಸಿವೆ ಕಾಳು ಹಿಡಿದು, ಉಸಿರು ಬಿಗಿಹಿಡಿದು ಅದನ್ನು ತಗಡಿಗೆ ಅಂಟಿಸುತ್ತಿದ್ದರು. ಅದನ್ನು ಮೊದಲ ಸಲ ಬಾಗಿಲ ಸಂದಿಯಲ್ಲಿ ನೋಡಿದಾಗ, ಈ ಮನೆಯಲ್ಲಿ ಹುಚ್ಚು ಹಿಡಿದವರಿದ್ದಾರೆ ಅಂತ ನಮ್ಮಪ್ಪನಿಗೆ ಯಾರೂ ಹೇಳಲಿಲ್ಲವಲ್ಲಪ್ಪಾ ಎಂದುಕೊಂಡೆ.

ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿ. ಬೀದಿಗೆ ಬಂದು ನಿಂತರೆ ಹತ್ತು ಜನ ಮಾತಿಗೆ ಸಿಗುತ್ತಿದ್ದ ಊರು ಬಿಟ್ಟು, ಅರವತ್ತೇಳರಲ್ಲಿ, ಕುಂದಾಣದ ಪಕ್ಕದ ಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದು ಬಿದ್ದೆ. ಬಿದ್ದೆ ಎಂದೇ ಹೇಳುತ್ತೇನೆ, ಈಗ ಯಾರ ಹೆದರಿಕೆ? ಯಜಮಾನರು ಬೆಳಗ್ಗೆ ಸೈಕಲ್ ಹತ್ತಿ ದೇವನಹಳ್ಳಿಯ ಕಚೇರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅತ್ತೆ ಹೊಲಕ್ಕೆ ಹೋಗುತ್ತಿದ್ದರು. ಹೊಸ ಸೊಸೆ ಹೊಸಿಲು ದಾಟಬಾರದು. ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ರಾಗಿ ಮೂಟೆ ಇಡುವ ಕೋಣೆಯಲ್ಲಿ ನನ್ನ ಭಾವ, ಮತ್ತೆ ಒಂದು ಬೆಕ್ಕು.

ಭಾವ ಎಂದರೆ ಯಜಮಾನರ ಅಣ್ಣ. ಮಿಲಿಟರಿಯಲ್ಲಿ ಟ್ಯಾಂಕು ಓಡಿಸುತ್ತಿದ್ದವರು. ಅರವತ್ತೈದರ ಯುದ್ಧದಲ್ಲಿ ಅವರ ಟ್ಯಾಂಕಿಗೆ ಬೆಂಕಿ ಬಿತ್ತು. ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಊರಿಗೆ ಬಂದವರು ಸೀದಾ ಆ ಕೋಣೆ ಸೇರಿಬಿಟ್ಟರು. ಮದುವೆ ಬೇಡವೆಂದರು. ಕೋಣೆಗೆ ಕಿಟಕಿಯಿಲ್ಲ, ಮಾಡಿನಲ್ಲಿ ಒಂದು ಗಾಜಿನ ಹೆಂಚು, ಅಷ್ಟೇ ಬೆಳಕು. ಹೊರಗೆ ಬಯಲಿಗೆ ಬಂದು ನಿಂತರೆ ಅವರಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. "ಒಳಗಿದ್ರೆ ಅವ್ನಿಗೆ ಹಾಯಾಗಿರ್ತದೆ ಕಣೇ" ಎನ್ನುತ್ತಿದ್ದರು ಅತ್ತೆ. ಹಾಯಂತೆ! ಹಾಯಾಗಿರುವವರು ನಿದ್ದೆಗಣ್ಣಲ್ಲಿ ಗೋಡೆ ಗುದ್ದುತ್ತಾರೆಯೇ?

ತಮ್ಮನ ಹೆಂಡತಿ ಭಾವನ ಎದುರು ನಿಲ್ಲಬಾರದು, ಮುಖ ಕೊಟ್ಟು ಮಾತಾಡಬಾರದು. ನಮ್ಮ ಕಡೆಯ ಪದ್ಧತಿ ಅದು. ಆದರೆ ಒಂದೇ ಸೂರಿನಡಿ ಇಬ್ಬರೇ ಇದ್ದಾಗ ಊಟಕ್ಕಾದರೂ ಕರೆಯಬೇಕಲ್ಲ? ಹಾಗಾಗಿ ಯಾರಿಗೂ ಆಡದ ಹಾಗೆ ಮಾತು ಆಡುವುದನ್ನು ಕಲಿತೆವು. ನಾನು ಕೋಣೆಯ ಹೊಸಿಲ ಮೇಲೆ ತಟ್ಟೆ ಇಟ್ಟು ಬೆಕ್ಕಿಗೆ ಹೇಳುತ್ತಿದ್ದೆ: "ಮುದ್ದೆ ಆರ್ತಾ ಇದೆ." ಅವರು ಒಳಗಿನಿಂದ ಗೋಡೆಗೆ ಹೇಳುತ್ತಿದ್ದರು: "ಸಾರಿಗೆ ಉಪ್ಪು ಒಂಚೂರು ಜಾಸ್ತಿ ಬಿದ್ದಂಗಿದೆ." ನಾನು ಬೆಕ್ಕಿಗೆ, "ಬೇಕಾದ್ರೆ ತಿನ್ನಲಿ, ಇಲ್ದಿದ್ರೆ ಬಿಡಲಿ" ಎಂದೆ. ಗೋಡೆಯ ಕಡೆಯಿಂದ ನಗು ಕೇಳಿಸಿತು. ಆ ಮನೆಯಲ್ಲಿ ನನ್ನ ಮಾತಿಗೆ ನಕ್ಕ ಮೊದಲ ಮನುಷ್ಯ ಅವರೇ.

ಅವರು ಮಾಡುತ್ತಿದ್ದುದು ಟ್ಯಾಂಕು, ಎಣ್ಣೆ ಡಬ್ಬದ ತಗಡಿನಲ್ಲಿ ಒಂದು ಮೊಳ ಉದ್ದದ್ದು. ಊರಿನವರು ಆಟದ ಸಾಮಾನು ಎಂದುಕೊಂಡಿದ್ದರು. ಆಟದ ಸಾಮಾನಿಗೆ ಹೊರಗಿನ ಅಂದ ಸಾಕು. ಭಾವನದು ತಿರುಗುಮುರುಗು. ಚಕ್ರ, ಹಸಿರು ಬಣ್ಣ, ಇವೆಲ್ಲ ಅವರಿಗೆ ಲೆಕ್ಕಕ್ಕೇ ಇಲ್ಲ. ಅವರು ಒಳಗನ್ನು ಕಟ್ಟುತ್ತಿದ್ದರು. ಮುಂದೆ ಡ್ರೈವರ್ ಕೂರುವ ಗುಂಡಿ, ಪೆಡಲು, ಮೀಟರು, ಹಿಡಿದೆಳೆಯುವ ಎರಡು ಸನ್ನೆಕೋಲು. ಹಿಂದೆ, ತಿರುಗುವ ಗೋಪುರದೊಳಗೆ ಉಳಿದ ಮೂವರ ಜಾಗ, ತೋಪಿನ ಬುಡ, ಗುಂಡು ಜೋಡಿಸುವ ಗೂಡು. ಸನ್ನೆಕೋಲಿಗೆ ಸೈಕಲ್ ಕಡ್ಡಿ, ಮೀಟರಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ನೀರಿನ ಕ್ಯಾನು ನೇತುಹಾಕುವ ಕೊಂಡಿಗೆ ನನ್ನ ರವಿಕೆಯ ಹುಕ್ಕು. ತಗಡಿನ ಮೇಲಿನ ಮೊಳೆತಲೆಗಳೆಲ್ಲ ಸಾಸಿವೆ. ಸಾಸಿವೆ ಡಬ್ಬ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ, ಒಗ್ಗರಣೆಗೆ ಸುರೀತೀಯಾ ಎಂದು ಅತ್ತೆ ನನ್ನನ್ನು ಗದರುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ನಕ್ಷೆ ಗಿಕ್ಷೆ ಏನೂ ಇರಲಿಲ್ಲ. ಅವರ ಮೈಯೇ ಅಳತೆ. ಮೂಟೆಗಳ ನಡುವೆ ಮುದುರಿ ಕೂತು, ಕಣ್ಣು ಮುಚ್ಚಿ, ಮೊಣಕಾಲು ಎಲ್ಲಿ ತಗುಲುತ್ತಿತ್ತು, ಮೊಣಕೈ ಎಲ್ಲಿ ಗೀಚುತ್ತಿತ್ತು, ತಲೆಗೂ ಮೇಲಿನ ಮುಚ್ಚಳಕ್ಕೂ ಎಷ್ಟು ಸಂದು ಎಂದು ಕೈಯಾಡಿಸಿ ನೆನಪು ಮಾಡಿಕೊಳ್ಳುತ್ತಿದ್ದರು. ಅದನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಗೇಣಿಗೆ ಇಷ್ಟು ಎಂದು ಬಿದಿರು ಕಡ್ಡಿಯಲ್ಲಿ ಇಳಿಸುತ್ತಿದ್ದರು. ತಿಂಗಳುಗಟ್ಟಲೆ ಕಟ್ಟಿ ಮುಗಿಸಿದ ಮೇಲೆ ಒಂದು ದಿನ ಗೋಪುರವನ್ನು ಎತ್ತಿಟ್ಟು, ಡ್ರೈವರ್ ಸೀಟಿನ ಹಿಂದಿನ ಸಂದಿಯಲ್ಲಿ ಚಿಮಟ ತೂರಿಸಿ ನೋಡುತ್ತಿದ್ದರು. ಚಿಮಟ ಅರ್ಧಕ್ಕೇ ನಿಲ್ಲುತ್ತಿತ್ತು. ಮಾರನೆಯ ದಿನ ಬೆಸುಗೆ ಬಿಡಿಸಿ, ಅಷ್ಟನ್ನೂ ಕಿತ್ತು, ಮತ್ತೆ ಮೊದಲಿಂದ ಶುರು.

ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. "ಕಟ್ಟಿದ್ದನ್ನ ಕೆಡವೋದು ಯಾವ ಸೀಮೆ ಬುದ್ಧಿವಂತಿಕೆಯೋ!" ಎಂದು ಬೆಕ್ಕಿಗೆ ಬೈದೆ. ಗೋಡೆ ಉತ್ತರ ಕೊಟ್ಟಿತು: "ಒಳಗೆ ಕೂತವನಿಗೆ ಒಳಗೇ ಪ್ರಪಂಚ. ಅದು ಸರಿಯಾಗ್ಬೇಕು."

ಸೀಟುಗಳು ಮಾತ್ರ ನನ್ನವು. "ಹೊಲಿಗೆ ಬಲ್ಲೋರು ಈ ಮನೇಲಿ ಇದ್ದಾರೆ ಅಂತ ಕೇಳಿದ್ದೆ" ಎಂದು ಗೋಡೆ ಒಂದು ದಿನ ಹೇಳಿತು. ಹೆಬ್ಬೆರಳ ಉಗುರಿನಷ್ಟು ಮೆತ್ತೆಗಳು, ಒಳಗೆ ಹತ್ತಿ. ಹೊಲಿಗೆ ದಪ್ಪವಾಯಿತೆಂದು ವಾಪಸ್ ಬಂದವು, ಮತ್ತೆ ಹೊಲಿದೆ. ಅವುಗಳಲ್ಲಿ ಒಂದು ಮಾತ್ರ ಗೋಡೆಗೆ ಮಡಚಿಡುವಂತಿರಬೇಕು ಎಂದರು. ಅದು ತೋಪಿಗೆ ಗುಂಡು ತುಂಬುವವನ ಸೀಟು, ಅವನು ನಿಂತೇ ಕೆಲಸ ಮಾಡುವವನು. "ಅವ್ನು ಕೂತಿದ್ದನ್ನ ನಾನು ನೋಡ್ಲೇ ಇಲ್ಲ" ಎಂದಾಗ ಧ್ವನಿ ಬೇರೆಯಾಗಿತ್ತು. ಅವತ್ತು ಸಂಜೆ ಯಜಮಾನರನ್ನು ಹಿಡಿದು ಕೇಳಿದೆ. ಗುಂಡು ತುಂಬುತ್ತಿದ್ದವನು ಆವತಿಯವನಂತೆ. ಭಾವನ ಜೊತೆ ಓದಿ, ಜೊತೆಗೇ ಮಿಲಿಟರಿ ಸೇರಿ, ಒಂದೇ ಟ್ಯಾಂಕಿನಲ್ಲಿದ್ದ ಗೆಳೆಯ. ಆ ಟ್ಯಾಂಕಿನಿಂದ ಭಾವ ಒಬ್ಬರೇ ಹೊರಗೆ ಬಂದದ್ದು.

ಆ ಗೆಳೆಯನ ತಾಯಿ ಆಗಾಗ ಆವತಿಯಿಂದ ನಡೆದು ಬರುತ್ತಿದ್ದರು. ಆವತಿ ಅವ್ವ ಎಂದೇ ನಾವು ಕರೆಯುತ್ತಿದ್ದುದು. ಅವರ ದನಿ ಜಗಲಿಯಲ್ಲಿ ಕೇಳಿದರೆ ಸಾಕು, ಕೋಣೆಯ ಅಗುಳಿ ಬೀಳುತ್ತಿತ್ತು. "ಮಲಗವ್ನೆ ಕಣವ್ವಾ" ಎನ್ನುತ್ತಿದ್ದರು ಅತ್ತೆ. "ಮಲಗ್ಲಿ ಬಿಡು" ಎನ್ನುತ್ತಿದ್ದರು ಆವತಿ ಅವ್ವ. "ನಂದೊಂದೇ ಮಾತು. ತಂತೀಲಿ ಸತ್ತ ಅಂತ ಬಂತು, ಹೆಂಗೆ ಅಂತ ಬರ್ಲಿಲ್ಲ. ಹೆಣಾನೂ ಬರ್ಲಿಲ್ಲ. ಕೊನೇಗೆ ನನ್ ಮಗ ಏನಂದ, ಏನಾದ್ರೂ ಅಂದ್ನಾ, ಅದು ಇವ್ನೊಬ್ಬನಿಗೇ ಗೊತ್ತು." ಸೆರಗಿನಲ್ಲಿ ತಂದ ಅವರೆಕಾಯಿಯನ್ನು ಸುರಿದು ಹೋಗುತ್ತಿದ್ದರು. ಅವತ್ತು ಭಾವನ ತಟ್ಟೆ ಹಾಗೇ ವಾಪಸ್ ಬರುತ್ತಿತ್ತು.

ಎಪ್ಪತ್ತೊಂದರಲ್ಲಿ ಮತ್ತೆ ಯುದ್ಧ ಬಂತು. ಅಂಗಡಿಯ ರೇಡಿಯೋ ಮುಂದೆ ಊರೇ ನೆರೆದಿತ್ತು, ಅತ್ತೆಯೂ ಅಲ್ಲೇ. ಆ ಹೊತ್ತಿನಲ್ಲಿ ಆವತಿ ಅವ್ವ ಬಂದು, ಜಗಲಿಯಲ್ಲಿ ಕೂರದೆ ನೇರ ಪಡಸಾಲೆಗೆ ಬಂದು ಕೂತುಬಿಟ್ಟರು. "ಇವತ್ತು ಕೇಳ್ದೆ ಏಳಕಿಲ್ಲ" ಎಂದರು. ನಾನು ಕೋಣೆಯ ಬಾಗಿಲ ಬಳಿ ಹೋಗಿ ನಿಂತೆ. ಅಗುಳಿ ಹಾಕುವುದನ್ನು ಭಾವ ಮರೆತಿದ್ದರು. ಒಳಗಿನಿಂದ ಸಣ್ಣ ದನಿ ಬಂತು, ಗೋಡೆಗೆ ಹೇಳಿದ್ದು, ನನಗೆ ಮಾತ್ರ ಕೇಳಿಸುವ ಹಾಗೆ: "ಗುಂಡು ಬಿದ್ದ ತಕ್ಷಣ ಹೋಗ್ಬಿಟ್ಟ, ನೋವಾಗ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಸಾಕು."

ಯಾರಾದರೂ ಎಂದರೆ ನಾನು. ಸುಳ್ಳು ಅಂತ ನನಗೆ ಗೊತ್ತಾಗದೇ ಇರುತ್ತದೆಯೇ? ತಕ್ಷಣ ಹೋದವನ ಸುತ್ತ ಯಾರಾದರೂ ಇಷ್ಟು ವರ್ಷ ತಗಡು ಕಟ್ಟುತ್ತಾರೆಯೇ? ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲೋ, ಬೆಕ್ಕಿಗೆ ಮಾತಾಡಿ ಮಾತಾಡಿ ಸವೆದ ನನ್ನ ಮೇಲೋ, ತಿಳಿಯದು. ಬಾಗಿಲು ತಳ್ಳಿ ಒಳಗೆ ಹೋದೆ. ತಲೆ ಮೇಲೆ ಸೆರಗೂ ಇರಲಿಲ್ಲ. ಎದುರಿಗೇ ನಿಂತು, "ನಾನು ಹೇಳಲ್ಲ. ನೀವೇ ಬಂದು ಹೇಳಿ" ಎಂದೆ.

ಭಾವ ನನ್ನ ಮುಖ ನೋಡಿದರು. ಮದುವೆಯಾಗಿ ಬಂದಂದಿನಿಂದ ಅದೇ ಮೊದಲು. ಆಮೇಲೆ ಮುಗಿಯುವುದರಲ್ಲಿದ್ದ ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದರು.

ಪಡಸಾಲೆಯ ನೆಲದ ಮೇಲೆ ಇಟ್ಟು, ಗೋಪುರ ತೆಗೆದು ಪಕ್ಕಕ್ಕಿಟ್ಟರು. "ಇಲ್ಲಿ ನಾನು. ಇಲ್ಲಿ ಅವ್ನು" ಎಂದರು. ಆವತಿ ಅವ್ವ ಬಗ್ಗಿ, ಬೆರಳಿಟ್ಟು ನೋಡಿದರು. "ಇಷ್ಟ್ ಇಕ್ಕಟ್ಟಾ? ಅಷ್ಟುದ್ದ ಇದ್ನಲ್ಲ, ತಲೆ ಎಲ್ಲಿ ಇಟ್ಕತಿದ್ದ?"

"ಬಗ್ಗಿಸ್ಕೊಂಡೇ ಇರ್ತಿದ್ದ ಅವ್ವಾ."

"ಇವೇನಪ್ಪಾ?" ಡ್ರೈವರ್ ಸೀಟಿನ ಹಿಂದಿನ ಸಂದಿಯಲ್ಲಿ ಹಿತ್ತಾಳೆ ತಂತಿಯ ತುಂಡುಗಳು ಒತ್ತೊತ್ತಾಗಿ ತುಂಬಿದ್ದವು.

"ಗುಂಡು. ಆ ಸಂದಿ ದಾರಿ ಕಣವ್ವಾ. ಗೋಪುರದ ಮುಚ್ಚಳ ಕಚ್ಕೊಂಡ್ರೆ ಆ ಕಡೆಯೋರು ಇಲ್ಲಿಂದ ನುಸುಳಿ ನನ್ ಕಡೆಯಿಂದ ಹೊರಗೆ ಬರ್ಬೇಕು. ಖಾಲಿ ಬಿಡ್ಬೇಕಾಗಿತ್ತು. ಗುಂಡು ಸಾಲಲ್ಲ ಅಂತ ಎಲ್ಲಾ ಟ್ಯಾಂಕ್ನೋರೂ ಅಲ್ಲಿ ತುಂಬ್ತಿದ್ರು. ನಾವೂ ತುಂಬಿದ್ವಿ. ನಾನು ಎತ್ತಿ ಕೊಟ್ಟೆ, ಅವ್ನು ಜೋಡ್ಸಿದ. ನಗಾಡ್ಕೊಂಡು ಜೋಡ್ಸಿದ್ವಿ."

ಆಮೇಲಿನದನ್ನು ತಡೆದು ತಡೆದು ಹೇಳಿದರು. ಪೆಟ್ಟು ಬಿದ್ದಾಗ ಉಳಿದಿಬ್ಬರು ಅಲ್ಲೇ ಹೋದರು, ಗೋಪುರದ ಮುಚ್ಚಳ ಕಚ್ಚಿಕೊಂಡಿತು. ಗೆಳೆಯ ಆ ಕಡೆಯಿಂದ, ಇವರು ಈ ಕಡೆಯಿಂದ, ತಾವೇ ತುಂಬಿದ ಗುಂಡುಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದರು. ಕಾದ ಹಿತ್ತಾಳೆಗೆ ಕೈಯ ಚರ್ಮ ಅಂಟಿಕೊಂಡು ಬರುತ್ತಿತ್ತು. ಬೆಂಕಿ ಒಳಗೆ ನುಗ್ಗಿದಾಗ ಯಾರೋ ಡ್ರೈವರ್ ಕಡೆಯ ಮುಚ್ಚಳದಿಂದ ಕೈ ಹಾಕಿ ಇವರ ಕೊರಳಪಟ್ಟಿ ಹಿಡಿದು ಹೊರಗೆ ಎಳೆದುಕೊಂಡರು.

"ಅವಾಗ ಬದ್ಕಿದ್ನಾ?"

"ಬದ್ಕಿದ್ದ."

ಆವತಿ ಅವ್ವ ಎದೆ ಬಡಿದುಕೊಳ್ಳುತ್ತಾರೆ ಎಂದು ನಾನು ಕೈ ಹಿಡಿಯಲು ಮುಂದೆ ಬಂದೆ. ಅವರು ಅಳಲಿಲ್ಲ. "ಏನಂದ?" ಎಂದರು.

"ಬಂತು ಕಣೋ, ಇನ್ನೊಂಚೂರು, ಅಂದ."

"ಹೆಂಗಂದ? ಅವ್ನಂಗೇ ಅನ್ನು."

"ಆಗಲ್ಲವ್ವಾ."

"ಅನ್ನು ಮಗಾ. ಅವ್ನ ದನಿ ಮರ್ತೋಗ್ತಾ ಇದೆ ನಂಗೆ."

ಭಾವ ಕಣ್ಣು ಮುಚ್ಚಿಕೊಂಡರು. ಅವರ ಗಂಟಲಿನಿಂದ ಬಂದದ್ದು ಅವರ ದನಿಯಲ್ಲ. ಕೆಸರಿನಲ್ಲಿ ಹೂತ ಗಾಡಿಗೆ ಹೆಗಲು ಕೊಟ್ಟ ಹುಡುಗರ ಥರ, ಏದುಸಿರಿನಲ್ಲಿ, ಅರ್ಧ ನಗುವಿನಲ್ಲಿ: "ಲೇ, ಬಂತು ಕಣೋ! ಇನ್ನೊಂಚೂರು, ಇನ್ನೊಂಚೂರು!"

"ಹೂಂ. ಅವ್ನೇ" ಎಂದರು ಆವತಿ ಅವ್ವ. ಆಮೇಲೆ ಅತ್ತರು. ಭಾವನೂ ಅತ್ತರು. ನಾನಂತೂ ಅಡುಗೆಮನೆಗೆ ಓಡಿದೆ.

ಅಲ್ಲಿಗೆ ಭಾವನಿಗೆ ಬಿಡುಗಡೆಯಾಯಿತು ಎಂದು ಬರೆಯಲು ನನಗೂ ಆಸೆ. ಎಲ್ಲಿಯ ಬಿಡುಗಡೆ! ಆವತಿ ಅವ್ವ ಈಗ ಆ ದನಿ ಕೇಳಲೆಂದೇ ಬರತೊಡಗಿದರು. ಭಾವ ಪ್ರತಿ ಸಲವೂ ಅಂದು ತೋರಿಸುತ್ತಿದ್ದರು, ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಅವರ ಜೊತೆ ನೇರ ಮಾತಾಡುತ್ತಿದ್ದೆ. ಅತ್ತೆ ಮುನಿಸಿಕೊಂಡರು, ನೆಂಟರು ಆಡಿಕೊಂಡರು, ಆಡಿಕೊಳ್ಳಲಿ ಎಂದೆ. ಆ ಮನೆಯಲ್ಲಿ ತಲೆ ಎತ್ತಿ ಮಾತಾಡುವ ರೂಢಿಯಾದದ್ದು ನನಗೆ ಅವರೆದುರಿಗೇ. ಅದರ ಋಣ ದೊಡ್ಡದು. "ಇನ್ನು ಬೇಡಿ ಅವ್ವಾ ಅನ್ನಬಾರದಾ?" ಎಂದು ಕೇಳಿದೆ. "ಅವ್ರಿಗೆ ಉಳಿದಿರೋದು ಅಷ್ಟೇ ಕಣಮ್ಮಾ. ಅದೂ ನನ್ ಹತ್ರ ಇದೆ. ನಾನು ಇಟ್ಕೊಂಡು ಏನ್ಮಾಡ್ಲಿ?" ಎಂದರು.

ಕಟ್ಟುವುದು, ಕೆಡವುವುದು ನಿಲ್ಲಲಿಲ್ಲ. ಒಂದು ಸಲ ತಡೆಯಲಾರದೆ, "ಆ ಸಂದಿ ಖಾಲಿ ಬಿಟ್ಟು ಒಂದಾದ್ರೂ ಕಟ್ಟಿ ನೋಡಿ ಭಾವಾ" ಎಂದೆ. ಬೈಯುತ್ತಾರೇನೋ ಅಂದುಕೊಂಡೆ. ಬೈಯಲಿಲ್ಲ. "ಖಾಲಿ ಇರ್ಲಿಲ್ಲವಲ್ಲಮ್ಮಾ" ಎಂದು ಚಿಮಟ ತೆಗೆದುಕೊಂಡರು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವರಿಗೆ ಎದೆ ಕಟ್ಟಿತು. ಅವತ್ತು ಕುಡಿದ ಹೊಗೆ ಇನ್ನೂ ಒಳಗೇ ಕೂತಿದೆ ಎಂದರು ದೇವನಹಳ್ಳಿಯ ಡಾಕ್ಟರು. ಪಡಸಾಲೆಗೆ ಹಾಸಿಗೆ ಹಾಕುತ್ತೇವೆ, ಗಾಳಿ ಬರುತ್ತದೆ ಎಂದರೆ ಒಪ್ಪಲಿಲ್ಲ. ಆ ಕೋಣೆಯೇ ಬೇಕು. ಸುದ್ದಿ ಕೇಳಿ ಆವತಿ ಅವ್ವ ಬೆಳಗ್ಗೆಯೇ ಬಂದರು. ಸೊಂಟ ಬಗ್ಗಿಹೋಗಿತ್ತು, ನಾನು ಕೈ ಹಿಡಿದು ಮೂಟೆಗಳ ಮಧ್ಯೆ ಕರೆದುಕೊಂಡು ಹೋದೆ. ಅವರನ್ನು ನೋಡುತ್ತಲೇ ಭಾವ ಬಾಯಿ ತೆರೆದರು. ಯಾಕೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ದನಿ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದರು, ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು, ಕಣ್ಣು ಮೇಲಾಯಿತು.

"ಬ್ಯಾಡ ಮಗಾ, ನೀನು ಬ್ಯಾಡ" ಎಂದು ಆವತಿ ಅವ್ವ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ಪ್ರತಿ ಉಸಿರಿಗೂ ಅವರ ಮೈಯೆಲ್ಲ ಕಷ್ಟಪಡುತ್ತಿತ್ತು. ಆವತಿ ಅವ್ವ ಬಗ್ಗಿ, ಅವರ ಕಿವಿಯ ಹತ್ತಿರ ಬಾಯಿಟ್ಟು, ತಮ್ಮ ಮಗ ಅಂದ ಹಾಗೇ ಅಂದರು: "ಬಂತು ಕಣೋ. ಇನ್ನೊಂಚೂರು."

ಭಾವನ ಉಸಿರು ನಿಂತ ಮೇಲೂ ಅವರು ಅದನ್ನೇ ಹೇಳುತ್ತಿದ್ದರು.