ಕೌದಿಯ ಮೇಲಿನ ಲ್ಯಾಪ್‌ಟಾಪ್

ಬೆಳಗಿನ ಆರೂವರೆ. ಬೆಳಗಾವಿಯಿಂದ ಮೊದಲ ಬಸ್ಸಿಗೆ ಬಂದ ಪ್ರಮಿಳಾ ಖಾನಾಪುರದ ಕ್ಷಯರೋಗ ಚಿಕಿತ್ಸಾಲಯದ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಚಹಾ ಬೇಡವೆಂದು, ನೇರವಾಗಿ ನರ್ಸ್ ಮಾಯಕ್ಕನವರ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಒಂಬತ್ತಕ್ಕೆ ರೋಗಿಗಳು ಬರುವುದರೊಳಗೆ ಅದು ಚುರುಕಾಗಬೇಕು. ಇಲ್ಲದಿದ್ದರೆ ಅದಕ್ಕೆ ಹಾಕಿರುವ ಬೀಗವನ್ನೇ ತೆಗೆಸುವುದೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಬೀಗವೆಂದರೆ ಎನ್‌ಕ್ರಿಪ್ಶನ್. ಡಿಸ್ಕಿನಲ್ಲಿರುವುದನ್ನೆಲ್ಲ ಪಾಸ್‌ವರ್ಡ್ ಇಲ್ಲದವರಿಗೆ ಅರ್ಥವಾಗದಂತೆ ಕಲಸಿಡುವ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ಕಳುವಾದರೂ ಯಾರಿಗೆ ಯಾವ ಕಾಯಿಲೆ ಎಂಬುದು ಹೊರಬೀಳುವುದಿಲ್ಲ. ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ, ಪಾಸ್‌ವರ್ಡನ್ನು ಡೈರಿಯ ಹಿಂದೆ ಬರೆದಿಡುವ ನನ್ನಂಥವನಿಗೆ ಇಷ್ಟನ್ನು ತಿಳಿಸಿಕೊಡಲು ಪ್ರಮಿಳಾ ಅವರಿಗೆ ಬಸ್ಸಿನಲ್ಲಿ ಅರ್ಧ ದಾರಿ ಹಿಡಿಯಿತು.

"ಓದಬೇಕಾದ್ರ ಪ್ರೊಸೆಸರ್ ಪ್ರತಿ ಸಲ ಅದನ್ನ ಬಿಡಿಸಿ ಕೊಡಬೇಕ್ರಿ. ಹೊಸಾದ್ರಾಗ ಅದಕ್ಕಂತನ ಏರ್ಪಾಡು ಇರತೈತಿ, ತಡಾ ಆದದ್ದ ಗೊತ್ತಾಗಂಗಿಲ್ಲ. ಹಳೇದಾದ್ರ ತೇಕತೈತಿ. ಒಳಗ ತಿರಗೂ ಹಳೇ ನಮೂನಿ ಡಿಸ್ಕ್ ಇದ್ರ ಅದು ಮೊದಲ ನಿಧಾನ. ಬ್ಯಾಟರಿ ಉಳಸಾಕ ಹಚ್ಚಿದ್ರ ಮತ್ತಷ್ಟು ನಿಧಾನ. ಮಂದಿ ಮಾತ್ರ ಎಲ್ಲಾ ತಪ್ಪು ಬೀಗದ ಮ್ಯಾಲ ಹಾಕ್ತಾರ."

ವಡಗಾವಿಯ ನಲವತ್ತೊಂದರ ಈ ಹೆಣ್ಣುಮಗಳು ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವರು. ಈಗ ಹನ್ನೊಂದು ಚಿಕಿತ್ಸಾಲಯಗಳ ಅರವತ್ತಮೂರು ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಾರೆ. ಎಲ್ಲವೂ ಯಾರೋ ಬಳಸಿ ಬಿಟ್ಟವು. ಬೀಗ ಇರಲೇಬೇಕೆಂಬ ಹಟ ಏಕೆಂದು ಕೇಳಿದರೆ ಅಕ್ಕನ ಮಾತು ತೆಗೆಯುತ್ತಾರೆ.

"ನಮ್ಮಕ್ಕ ಸಂಗವ್ವಗ ಟಿಬಿ ಆಗಿತ್ರಿ. ದವಾಖಾನಿ ಪಟ್ಟಿ ಯಾರ ಕೈಗೋ ಸಿಕ್ಕು ಓಣಿಗೆಲ್ಲಾ ಗೊತ್ತಾತು. ಗುಳಿಗಿ ತಗೊಂಡು ಆರಾಮ ಆದ್ಲು, ಖರೇ. ಆದ್ರ ನಿಶ್ಚೆ ಆಗಿದ್ದ ಲಗ್ನ ಮುರದ ಹೋತು."



ಮಾಯಕ್ಕನವರ ಲ್ಯಾಪ್‌ಟಾಪ್ ತೀರ ಹಳೆಯದಲ್ಲ, ಡಿಸ್ಕೂ ಹೊಸದು. ಆದರೂ ಒಬ್ಬ ರೋಗಿಯ ಪುಟ ತೆರೆಯಲು ನಲವತ್ತು ಸೆಕೆಂಡು. ಪ್ರಮಿಳಾ ಒಂದೊಂದೇ ಪರೀಕ್ಷಿಸುತ್ತ ಹೋಗುತ್ತಾರೆ. ಗಂಟೆ ಎಂಟಾಗುತ್ತದೆ. ಕೊನೆಗೆ ಅದರ ಅಡಿಗೆ ಕೈ ಹಾಕಿದವರು ಚಟ್ಟನೆ ಹಿಂದೆಗೆಯುತ್ತಾರೆ. ಸುಡುತ್ತಿದೆ. ಕೆಳಗೆ, ಮೇಜಿನ ಹಾಸೆಂದು ಇಷ್ಟು ಹೊತ್ತೂ ಗಮನಿಸದಿದ್ದ ನಾಲ್ಕು ಮಡಿಕೆಯ ಕೌದಿ!

"ಮಳಿಗಾಲದಾಗ ಮೇಜು ತಂಪ ಹಿಡೀತೈತ್ರಿ. ಅದಕ್ಕ ನಮ್ಮವ್ವನ ಹಳೇ ಸೀರಿ ಹಾಕಿ ನಾನ ಹೊಲದೇನಿ," ಎನ್ನುತ್ತಾರೆ ಮಾಯಕ್ಕ, ತಪ್ಪು ಮಾಡಿದವರಂತೆ.

ಗಾಳಿಕಿಂಡಿ ಮುಚ್ಚಿಹೋಗಿ, ಕಾದ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಂಡಿದೆ. "ಇಷ್ಟ ಜೀವ ಮಾಡಿ ಮೆತ್ತಗ ಹಾಸಿದ್ರ ಅದು ಉಸರ ಹ್ಯಾಂಗ ಆಡಬೇಕ್ರಿ ಅಕ್ಕಾರ?" ಪ್ರಮಿಳಾ ನಗುತ್ತಾರೆ. ಲ್ಯಾಪ್‌ಟಾಪಿನ ಅಡಿಗೆ ಎರಡು ಮರದ ಪಟ್ಟಿ ಬರುತ್ತವೆ, ಕೌದಿ ರೋಗಿಗಳ ಕುರ್ಚಿಗೆ ಹೋಗುತ್ತದೆ.

ಒಂಬತ್ತಕ್ಕೆ ಮೊದಲ ರೋಗಿ. ಮುಖಕ್ಕೆ ಸೆರಗು ಮುಚ್ಚಿಕೊಂಡ ಹುಡುಗಿ ಬಾಗಿಲತ್ತ ಎರಡು ಸಲ ತಿರುಗಿ ನೋಡಿ ಕೌದಿಯ ಮೇಲೆ ಕೂರುತ್ತಾಳೆ. ನಾಲ್ಕೇ ಸೆಕೆಂಡಿಗೆ ಅವಳ ಪುಟ ತೆರೆಯುತ್ತದೆ. ನೋಡುತ್ತಿದ್ದ ಡಾಕ್ಟರು, "ಬೀಗ ಇರ್ಲಿ ಬಿಡ್ರಿ," ಎನ್ನುತ್ತಾರೆ.

ಅಷ್ಟರಲ್ಲಿ ಪ್ರಮಿಳಾ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾರೆ. ಆ ಹುಡುಗಿ ಯಾರೆಂದು ಕೇಳಬಾರದಿತ್ತು, ಕೇಳಿಬಿಡುತ್ತೇನೆ.

"ನಾ ನೋಡಿಲ್ರಿ. ಅರವತ್ತಮೂರು ಲ್ಯಾಪ್‌ಟಾಪದಾಗ ಒಂದ ಹೆಸರೂ ನನಗ ಗೊತ್ತಿಲ್ಲ."